ನಮ್ಮ ಕಾರಿನ ಮೇಲೆ ವಿಭೂತಿ ನಿಲ್ಲಲಿಲ್ಲ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು ಎಂದು ಕಾಣುತ್ತದೆ. ನಮ್ಮ ಹೈಸ್ಕೂಲಿನ ಮಾಸ್ತರರನ್ನೇ ನೋಡಿ. ಒಬ್ಬರಿಗೆ ಯೋಗದ ಹುಚ್ಚು ಹಿಡಿದು, ಸ್ಟಾಫ್ ರೂಮಿಗೆ ಚಹಾ ಬರುವುದು ತಡವಾದರೂ ಮೂಗು ಹಿಡಿದು ಉಸಿರು ಬಿಡುತ್ತಾ ಕೂರುತ್ತಾರೆ. ಇನ್ನೊಬ್ಬರು ತಲೆಗೆ ಬಣ್ಣ ಹಚ್ಚಲು ಶುರು ಮಾಡಿದ ದಿನ, ಹೊಸ ಮಾಸ್ತರು ಬಂದರೆಂದು ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಮೂರನೆಯವರು ಕವಿತೆ ಬರೆಯತೊಡಗಿದ್ದಾರೆ. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಓದಿ ತೋರಿಸಲು ಮನೆಗೇ ಬಂದುಬಿಡುತ್ತಾರೆ. ಇವರೆಲ್ಲರನ್ನೂ ನೋಡಿ ನಗುತ್ತಿದ್ದ ನನಗೆ ಹಿಡಿದದ್ದು ಕಾರು ಒರೆಸುವ ಹುಚ್ಚು. ಓಡಿಸುವ ಹುಚ್ಚಲ್ಲ, ಒರೆಸುವ ಹುಚ್ಚು. ಓಡಿಸುವುದಕ್ಕೆ ನನಗೆ ಈಗಲೂ ಅಂಜಿಕೆ. ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂದರೆ ನಾನು ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದು, ಅದು ಕಣ್ಮರೆಯಾದ ಮೇಲೆಯೇ ಮತ್ತೆ ಹತ್ತುತ್ತೇನೆ. ಆದರೆ ಕೈಗೊಂದು ಬಟ್ಟೆ ಕೊಟ್ಟು ನಿಂತ ಕಾರಿನ ಮುಂದೆ ಬಿಟ್ಟರೆ ನನ್ನಂಥ ಧೈರ್ಯವಂತ ರೋಣದಲ್ಲಿ ಇನ್ನೊಬ್ಬನಿಲ್ಲ.

ಕಾರು ತೆಗೆದುಕೊಂಡದ್ದು ಅವ್ವನಿಗಾಗಿ. ಹಾಗೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಅದು ಸುಳ್ಳೂ ಆಗಿರಲಿಲ್ಲ. ಅವ್ವನಿಗೆ ಎಪ್ಪತ್ತೆಂಟು. ಮಾತು ಚುರುಕು, ಕಣ್ಣು ಚುರುಕು, ಮೊಣಕಾಲು ಮಾತ್ರ ಕೈಕೊಟ್ಟಿವೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತಬೇಕಾದರೆ ಮೇಲಿನಿಂದ ಒಬ್ಬರು ಎಳೆಯಬೇಕು, ಕೆಳಗಿನಿಂದ ಒಬ್ಬರು ನೂಕಬೇಕು, ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಆಕಾಶ ನೋಡಬೇಕು. ಹೀಗಾಗಿ ಎರಡು ವರ್ಷದಿಂದ ಅವ್ವ ತನ್ನ ಅಕ್ಕನ ಮುಖ ನೋಡಿರಲಿಲ್ಲ. ಅಕ್ಕ ಎಂದರೆ ಅಸೂಟಿಯಲ್ಲಿರುವ ನಮ್ಮ ದೊಡ್ಡವ್ವ. ಅಸೂಟಿ ಏನು ಕಾಶಿಯಲ್ಲ, ನಮ್ಮ ತಾಲ್ಲೂಕಿನದೇ ಊರು. ಆದರೆ ಆಕೆಗೂ ಮೊಣಕಾಲು ಇಲ್ಲ, ಈಕೆಗೂ ಇಲ್ಲ. ಇಬ್ಬರೂ ಫೋನಿನಲ್ಲಿ ಒಬ್ಬರಿಗೊಬ್ಬರು ಕೂಗಾಡುತ್ತಿದ್ದರು. ಫೋನು ಇಲ್ಲದಿದ್ದರೂ ಕೇಳಿಸುತ್ತಿತ್ತೇನೋ. "ಒಂದು ಕಾರ್ ತಗೊಂಡ್ರ ಅವ್ವನ್ನ ಬೇಕಾದಾಗ ಕರಕೊಂಡು ಹೋಗಬಹುದು," ಎಂದು ನಾನು ಹೆಂಡತಿ ಶಿವಲೀಲಾಳ ಮುಂದೆ ಎದೆಯ ಮೇಲೆ ಕೈಯಿಟ್ಟು ಹೇಳಿದ್ದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅತ್ತಿಯವರ ಸಲುವಾಗಿ ಅಂದ್ರ ತಗೊಳ್ರಿ," ಎಂದಿದ್ದಳು. ಆ 'ಅಂದ್ರ' ಎಂಬಲ್ಲಿ ಆಕೆ ಇಟ್ಟಿದ್ದ ಭಾರ ನನಗೆ ಆಗ ತಿಳಿಯಲಿಲ್ಲ.

ಕಾರು ಸಿಕ್ಕದ್ದು ಗಜೇಂದ್ರಗಡದ ಒಬ್ಬ ಸೀರೆ ವ್ಯಾಪಾರಿಯ ಬಳಿ. ಅವರು ಹೊಸದು ತೆಗೆದುಕೊಂಡಿದ್ದರು, ಹಳೆಯದನ್ನು ಮಾರುವುದಿತ್ತು. ಉಳಿದವರು ಕಾರು ಮಾರುವಾಗ ಎಂಜಿನ್ ಬಗ್ಗೆ ಹೇಳುತ್ತಾರೆ, ಟೈರಿನ ಬಗ್ಗೆ ಹೇಳುತ್ತಾರೆ. ಇವರು ಬಾಗಿಲ ಮೇಲೆ ಎರಡು ಬೆರಳು ಆಡಿಸಿ, ಸೆರಗು ಬಿಚ್ಚಿ ತೋರಿಸುವವರ ಹಾಗೆ, "ಇದು ಕರಿ ಬಣ್ಣ ಅಂತ ತಿಳೀಬ್ಯಾಡ್ರಿ ಮಾಸ್ತರ, ಚಂದ್ರಕಾಳಿ ಸೀರಿ ಬಣ್ಣ. ಎಷ್ಟ ತೊಳದ್ರೂ ಬಣ್ಣ ಹೋಗಂಗಿಲ್ಲ," ಎಂದರು. ನಾನು ಬಿಸಿಲಿಗೆ ಓರೆಯಾಗಿ ನಿಂತು ನೋಡಿದೆ. ಬಾಗಿಲಲ್ಲಿ ನನ್ನ ಮುಖ ಕಂಡಿತು. ಸ್ವಲ್ಪ ಉದ್ದವಾಗಿ, ಸ್ವಲ್ಪ ತೆಳ್ಳಗೆ, ಹೊಟ್ಟೆಯೇ ಇಲ್ಲದಂತೆ ಕಂಡಿತು. ಮನೆಯ ಕನ್ನಡಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ಉಪಕಾರವನ್ನು ಆ ಬಾಗಿಲು ಮಾಡಿತು. ಬ್ರೇಕು ಹಿಡಿಯುತ್ತದೋ ಇಲ್ಲವೋ ಕೇಳುವುದನ್ನೂ ಮರೆತು ಮಾತು ಮುಗಿಸಿದೆ.

ಮನೆಗೆ ತಂದ ಮೂರನೆಯ ದಿನಕ್ಕೇ ಚಂದ್ರಕಾಳಿಯ ಗುಣ ಗೊತ್ತಾಯಿತು. ನಮ್ಮ ಕಡೆಯದು ಎರೆಮಣ್ಣು. ಮಳೆಗಾಲದಲ್ಲಿ ಅದು ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಮೂಗು ಬಿಡುವುದಿಲ್ಲ. ಕಡಲೆ ಕೀಳುವ ಹೊತ್ತಿಗೆ ಗಾಳಿಯಲ್ಲಿ ಮಣ್ಣಿನ ಜೊತೆ ಹೊಟ್ಟೂ ಸೇರುತ್ತದೆ, ಹತ್ತಿಯ ಎಳೆಯೂ ಸೇರುತ್ತದೆ. ಬಿಳಿ ಕಾರಿನವರು ಇದನ್ನೆಲ್ಲ ಕಾಣದವರಂತೆ ಇದ್ದುಬಿಡಬಹುದು. ಕರಿ ಕಾರಿನ ಮೇಲೆ ಬೆಳಿಗ್ಗೆ ಕೂತ ನೊಣದ ಗುರುತು ಸಂಜೆಗೂ ಕಾಣುತ್ತದೆ. ಸರಿ, ತೊಳೆದೆ. ಬೋರಿನ ನೀರು ಹಾಕಿ ತೊಳೆದೆ. ನಮ್ಮ ಬೋರಿನದು ಸವುಳು ನೀರು. ಆರಿದ ಮೇಲೆ ನೋಡಿದರೆ ಕಾರಿನ ಮೈ ತುಂಬ ಬಿಳಿ ಬಿಳಿ ಚುಕ್ಕೆ. ದವಾಖಾನೆಗೆ ಕರೆದೊಯ್ಯಬೇಕು ಎನ್ನಿಸುವ ಹಾಗಿತ್ತು. ಮತ್ತೆ ಒರೆಸಿದೆ, ಮತ್ತೆ ತೊಳೆದೆ, ಚುಕ್ಕೆ ಇನ್ನೂ ದಪ್ಪವಾದವು. ಸಿಹಿ ನೀರಿನಿಂದ ತೊಳೆದರೆ ಮಾತ್ರ ಈ ರೋಗ ಹೋಗುತ್ತದೆ ಎಂಬ ಜ್ಞಾನೋದಯ ನನಗಾದದ್ದು ಆಗ.

ಸಿಹಿ ನೀರು ಎಂದರೆ ನಮ್ಮಲ್ಲಿ ಏನೆಂದು ಹೊರಗಿನವರಿಗೆ ಹೇಳಬೇಕು. ನಲ್ಲಿಯಲ್ಲಿ ಅದು ವಾರಕ್ಕೊಮ್ಮೆ ಬರುತ್ತದೆ, ಮನಸ್ಸು ಬಂದರೆ. ಬಂದ ದಿನ ಓಣಿಯಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಯಾರೂ ಜಗಳ ಆಡುವುದಿಲ್ಲ, ಎಲ್ಲರೂ ತುಂಬಿಕೊಳ್ಳುತ್ತಾರೆ. ಶಿವಲೀಲಾ ತಾಮ್ರದ ಹಂಡೆ, ಸ್ಟೀಲಿನ ಕೊಡ, ಪ್ಲಾಸ್ಟಿಕ್ ಡ್ರಮ್ಮು ಎಲ್ಲದಕ್ಕೂ ಬಟ್ಟೆ ಕಟ್ಟಿ ಸೋಸಿ ತುಂಬಿ, ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಕಲ್ಲಿಡುತ್ತಾಳೆ. ಆ ಕಲ್ಲನ್ನು ಸದ್ದಾಗದಂತೆ ಎತ್ತುವುದನ್ನು ನಾನು ಕಲಿತೆ. ಅವಳು ಬೆಳಿಗ್ಗೆ ಪೂಜೆಗೆ ಕೂತು ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಎರಡು ಕೊಡ ಹೊರಗೆ ಹೋಗುತ್ತಿದ್ದವು. ಅವಳು ದೇವರಿಗೆ ಒಂದು ತಂಬಿಗೆಯಲ್ಲಿ ಅಭಿಷೇಕ ಮಾಡಿದರೆ ನಾನು ಹೊರಗೆ ಎರಡು ಕೊಡದಲ್ಲಿ ಮಾಡುತ್ತಿದ್ದೆ. ಐದನೆಯ ದಿನ ಡ್ರಮ್ಮಿನ ತಳ ಕಂಡಿತು. ಅವಳು ನೇರವಾಗಿ ಹೊರಗೆ ಬಂದು, ಕಾರಿನ ಕೆಳಗೆ ಹರಿದಿದ್ದ ನೀರಿನಲ್ಲಿ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿಕೊಂಡು ನೋಡಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. "ಚಲೋ ಆತು ಬಿಡ್ರಿ," ಎಂದಳು. "ಅದು ಸೀ ನೀರ ಕುಡೀಲಿ, ನಾವು ಸವುಳು ಕುಡಿಯೂಣು. ನಮಗೇನು ಬಣ್ಣ ಹೋಗಬೇಕಾಗೇತಿ?"

ಅದರ ಮೇಲೆ ಅಮಾವಾಸ್ಯೆ ಬಂತು. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೂ ಗಾಡಿ ತೊಳೆದು, ಮುಂದೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆಯುವುದು ರೂಢಿ. ಲಾರಿಯಿಂದ ಸೈಕಲ್ಲಿನವರೆಗೆ ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಅವ್ವ ಕೋಲೂರಿಕೊಂಡು ಬಂದು, ತನ್ನ ಕೈಯಾರೆ ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, "ಇನ್ನ ಅಸೂಟಿಗೆ ಹೋಗೂಣಲ್ಲೋ ಈರಣ್ಣಾ?" ಎಂದಳು. ಅಂದು ನನಗೆ ನರಗುಂದದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಅಮಾವಾಸ್ಯೆ ಪೂಜೆಯ ಊಟವಿತ್ತು. "ಮುಂದಿನ ವಾರ ಅವ್ವಾ," ಎಂದೆ. ನರಗುಂದದಲ್ಲಿ ನಾನು ಊಟ ಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿದರೆ ಮೇಲೆ ಕಾಗೆಗಳಿದ್ದವು. ಬಿಸಿಲಿಗೆ ನಿಲ್ಲಿಸಿದರೆ ಬಣ್ಣ ಮಾಸುತ್ತದೆ. ಗೋಡೆಯ ನೆರಳಿಗೆ ನಿಲ್ಲಿಸಿದರೆ ಆ ನೆರಳು ಸರಿಯುತ್ತದೆ. ನೆರಳು ಸರಿದಂತೆ ನಾನೂ ಕಾರು ಸರಿಸುತ್ತಾ ಹೋಗಿ, ಕೊನೆಯ ಪಂಕ್ತಿ ಎದ್ದಾಗ ಪಕ್ಕದ ಓಣಿಯಲ್ಲಿದ್ದೆ. ಇಷ್ಟು ಮಾಡಿಯೂ ಸಂಜೆ ಮನೆಗೆ ಬಂದು ಒರೆಸಿದರೆ, ಬಾನೆಟ್ಟಿನ ಮೇಲೆ ಅವ್ವನ ಕುಂಕುಮ ಕೆಂಪಗೆ ಹಾಗೆಯೇ ಉಳಿದಿತ್ತು. ತಿಕ್ಕಿದಷ್ಟೂ ಅಗಲವಾಯಿತು.

ಆ ಕಲೆ ತೆಗೆಸಲು ಹೋಗಿಯೇ ನನಗೆ ದಾದಾಪೀರನ ಪರಿಚಯವಾದದ್ದು. ಗಜೇಂದ್ರಗಡ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಅವನ ಅಪ್ಪ ಟ್ರಂಕುಗಳಿಗೆ ಬಣ್ಣ ಹೊಡೆದು ಗುಲಾಬಿ ಹೂ ಬಿಡಿಸುತ್ತಿದ್ದ. ಇವನು ಕಾರುಗಳಿಗೆ ರಬ್ಬಿಂಗ್, ಪಾಲಿಶ್ ಮಾಡುತ್ತಾನೆ. ಕಲೆಯನ್ನು ಹತ್ತು ನಿಮಿಷದಲ್ಲಿ ತೆಗೆದು, ಡಬ್ಬಿಯಿಂದ ಮೇಣ ತೆಗೆದು ಅದೇ ಜಾಗಕ್ಕೆ ಒಂದಿಷ್ಟು ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಗುಂಡಗೆ ಗುಂಡಗೆ ಒರೆಸಿ, "ಈಗ ನೋಡ್ರಿ," ಎಂದ. ನೋಡಿದೆ. ಉಳಿದ ಕಾರೆಲ್ಲ ಸಪ್ಪೆಯಾಗಿ ಕಂಡಿತು. "ಪೂರಾ ಹಚ್ಚು," ಎಂದೆ. ಅವನು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆ ನೋಡಿ, "ಮುಂದ ಅವರಾತ್ರಿ ಅಮಾಸಿ ಐತಲ್ರಿ ಮಾಸ್ತರ. ನಮ್ಮ ಗಿರಾಕಿ ಎಲ್ಲಾ ಆ ದೊಡ್ಡ ಅಮಾಸಿ ಪೂಜಾ ಮುಗಿಸಿ ಹಚ್ಚಿಸ್ತಾರ. ಆಮ್ಯಾಲೆ ಹಚ್ಚೂಣೇನು?" ಎಂದ. ಅಷ್ಟು ದಿನ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಹಚ್ಚಿಸಿಯೇ ಬಿಟ್ಟೆ. ಹೊರಡುವಾಗ ಮೂಲೆಯಲ್ಲಿ ನಿಂತಿದ್ದ ಅವನ ಸ್ವಂತ ಗಾಡಿ ಕಂಡಿತು. ಯಾವ ಬಣ್ಣದ್ದೆಂದು ಹೇಳಲು ಬಾರದಷ್ಟು ಕೆಸರು ಅದರ ಮೇಲಿತ್ತು. "ಊರ ಮಂದಿ ಗಾಡಿಗೆ ಪಾಲಿಶ್ ಮಾಡ್ತಿ, ನಿಂದ ಯಾಕ ಹಿಂಗ?" ಎಂದು ಕೇಳಿದೆ. "ನಂದು ನಾ ಹತ್ತತೀನ್ರಿ," ಎಂದ ದಾದಾಪೀರ. ಅವನು ಅದನ್ನು ಚುಚ್ಚಿ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮೇಣ ಹಚ್ಚಿಸಿ ತಂದ ದಿನ ನಾನು ಓಣಿಯವರಿಗೆಲ್ಲ ಪ್ರದರ್ಶನ ಕೊಟ್ಟೆ. ಒಂದು ತಂಬಿಗೆ ನೀರು ತಂದು ಬಾನೆಟ್ಟಿನ ಮೇಲೆ ಹಾಕುವುದು. ಆ ನೀರು ಮುತ್ತಿನಂತೆ ಉರುಳಿ ಉರುಳಿ ಕೆಳಗೆ ಬೀಳುವುದನ್ನು ತೋರಿಸುವುದು. ಎದುರು ಮನೆಯ ಕಾಳುಕಡಿ ವ್ಯಾಪಾರಿ ಶೆಟ್ಟರು ಎರಡು ಸಲ ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಅವ್ವನಿಗೂ ತೋರಿಸಿದೆ. "ನೋಡವ್ವಾ, ನೀರ ಸೈತ ನಿಲ್ಲಂಗಿಲ್ಲ. ಇದರ ಮ್ಯಾಲೆ ಇನ್ನ ಏನೂ ನಿಲ್ಲಂಗಿಲ್ಲ." ಅವ್ವ ಕನ್ನಡಕ ಸರಿಮಾಡಿಕೊಂಡು, "ಏನೂ ನಿಲ್ಲಂಗಿಲ್ಲಾ?" ಎಂದು ಕೇಳಿದಳು. "ಏನೂ ನಿಲ್ಲಂಗಿಲ್ಲ," ಎಂದೆ ಹೆಮ್ಮೆಯಿಂದ. "ಹಂಗಾರ ಅಸೂಟಿಗೆ ಹೋಗೂಣು? ಧೂಳಾ ಹತ್ತಂಗಿಲ್ಲಲ್ಲ." ಹೊಸ ಮೇಣ ಒಂದು ವಾರ ಗಟ್ಟಿಯಾಗಬೇಕು ಎಂದೆ. ವಾರವಾದ ಮೇಲೆ ಅಸೂಟಿ ಹಾದಿಯಲ್ಲಿ ಕಡಲೆ ಟ್ರ್ಯಾಕ್ಟರ್ ಜಾಸ್ತಿ ಎಂದೆ. ಅದರ ಮರುದಿನ ಮೋಡ ಇದೆ ಎಂದೆ. ಅದರ ಮರುದಿನ ಮೋಡ ಇಲ್ಲ, ಬಿಸಿಲು ಬಹಳ ಎಂದೆ. ಪರೀಕ್ಷೆಯ ದಿನ ರಜೆ ಕೇಳುವ ಹುಡುಗರ ಚೀಟಿಗಳನ್ನು ಓದಿ ಓದಿ ನನಗೂ ಆ ವಿದ್ಯೆ ಬಂದುಬಿಟ್ಟಿತ್ತು.

ಅವ್ವ ಮತ್ತೆ ಕಟ್ಟೆಯ ಮೇಲೆ ಹೋಗಿ ಕೂತಳು. ಅವಳ ಪರವಾಗಿ ಅನ್ನುವ ಕೆಲಸವನ್ನು ಶಿವಲೀಲಾ ವಹಿಸಿಕೊಂಡಳು. ಕಾರು ಒರೆಸಲು ಅಂಗಡಿಯ ಬಟ್ಟೆಗಿಂತ ತೊಳೆದು ತೊಳೆದು ಮೆತ್ತಗಾದ ಹಳೆಯ ನೂಲಿನ ಸೀರೆ ಒಳ್ಳೆಯದು. ಅಂಥದ್ದು ಅವ್ವನ ಟ್ರಂಕಿನಲ್ಲಿತ್ತು, ಕೇಳಿದ ಕೂಡಲೇ ಕೊಟ್ಟಿದ್ದಳು. ಒಂದು ದಿನ ನಾನು ಅದರಿಂದ ಡಿಕ್ಕಿ ಒರೆಸುತ್ತಿರುವಾಗ ಶಿವಲೀಲಾ ಜೋಳ ಹಸನು ಮಾಡುತ್ತಾ ಕೂತಿದ್ದವಳು ಮೊರ ಕೆಳಗಿಟ್ಟು ಹೇಳಿದಳು: "ಅತ್ತಿಯವರ ಸೀರಿ ದಿನಾ ಕಾರ್ ಮ್ಯಾಲೆ ಅಡ್ಡಾಡತೈತಿ. ಅತ್ತಿಯವರು ಮಾತ್ರ ಕಟ್ಟಿ ಬಿಟ್ಟು ಇಳದಿಲ್ಲ." ನಾನು ಒರೆಸುವುದನ್ನು ನಿಲ್ಲಿಸಿದೆ. ಬಹಳ ಹೊತ್ತು ನಿಲ್ಲಿಸಿದೆ ಎಂದರೆ ನಿಮಗೆ ಸಂತೋಷವಾಗುತ್ತದೆ, ಆದರೆ ನಿಜ ಹೇಳಬೇಕು, ಅರ್ಧ ನಿಮಿಷ. ಆಮೇಲೆ ಉಳಿದ ಅರ್ಧ ಡಿಕ್ಕಿ ಮಂಕಾಗಿ ಕಾಣುತ್ತಿತ್ತು, ಅದನ್ನೂ ಒರೆಸಿದೆ. ಒರೆಸುತ್ತಲೇ, "ಅವರಾತ್ರಿ ಅಮಾಸಿ ದಿನ ಖರೇನ ಹೋಗೂಣು. ದೊಡ್ಡವ್ವಗ ಫೋನ್ ಮಾಡು, ಹೋಳಿಗಿ ಮಾಡಂತ ಹೇಳು," ಎಂದು ಮಾತು ಕೊಟ್ಟೆ. ಆ ಮಾತು ನನ್ನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅವಳು ಫೋನ್ ಹಚ್ಚಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಕೈಯಲ್ಲಿ ವಿಭೂತಿ ಬಟ್ಟಲು ಹಿಡಿದು ಬಂದಳು. ಶಿವಲೀಲಾಳ ಕೈಯಲ್ಲಿ ಕಾಯಿ, ನಿಂಬೆಹಣ್ಣು. ಪೂಜೆಯಾದ ಮೇಲೆ ಹೊರಡುವುದು, ಮಧ್ಯಾಹ್ನಕ್ಕೆ ಅಸೂಟಿಯಲ್ಲಿ ಹೋಳಿಗೆ. ಅವ್ವ ಮೂರು ಬೆರಳು ಅದ್ದಿ ಬಾನೆಟ್ಟಿನ ಮೇಲೆ ನಿಧಾನವಾಗಿ ಎಳೆದಳು. ಎಳೆದ ಗೆರೆ ನೋಡನೋಡುತ್ತಿದ್ದಂತೆ ಚುಕ್ಕೆ ಚುಕ್ಕೆಯಾಗಿ ಒಡೆದು, ಚುಕ್ಕೆಗಳೆಲ್ಲ ಜಾರಿ, ಮುಂದಿನ ಬಂಪರಿನಿಂದ ಒಂದೊಂದಾಗಿ ನೆಲಕ್ಕೆ ಬಿದ್ದವು. ಅವ್ವ ಮತ್ತೆ ಎಳೆದಳು. ಮತ್ತೆ ಬಿದ್ದವು. ಮೂರನೆಯ ಸಲ ಎಳೆಯುವ ಹೊತ್ತಿಗೆ ಓಣಿಯ ನಾಲ್ಕು ಜನ ಸೇರಿದ್ದರು. ಶೆಟ್ಟರು ತಮ್ಮ ಮೋಟಾರ್ ಸೈಕಲ್ಲಿಗೆ ವಿಭೂತಿ ಹಚ್ಚುವುದನ್ನು ಬಿಟ್ಟು ಬಂದು, ಬಗ್ಗಿ ನೋಡಿ, "ಮಾಸ್ತರ, ನಿಮ್ಮ ಗಾಡಿ ನಾಸ್ತಿಕ ಆಗೇತಿ ನೋಡ್ರಿ," ಎಂದರು. ಅವ್ವ ಬಟ್ಟಲನ್ನು ಕೆಳಗಿಳಿಸಿದಳು.

"ಇಬತ್ತಿ ನಿಲ್ಲವಲ್ತಲ್ಲೋ ಯಪ್ಪಾ."

"ಅವ್ವಾ, ಮೇಣಾ ಹಚ್ಚೀನಲ್ಲ, ಅದಕ್ಕ. ಬ್ಯಾರೆ ಏನಿಲ್ಲ."

"ಅದೇನರ ಇರ್ಲಿ. ದೇವರ ಇಬತ್ತಿ ನಿಲ್ಲದ ಗಾಡ್ಯಾಗ ನಾ ಕುಂದರಂಗಿಲ್ಲ. ನಮ್ಮಕ್ಕಗ ನೀನ ಫೋನ್ ಮಾಡು. ನಿನ್ನ ತಂಗಿ ಬರಂಗಿಲ್ಲ, ಮಗಾ ಗಾಡಿಗೆ ಮೇಣಾ ಹಚ್ಚ್ಯಾನ ಅಂತ ಹೇಳು."

ಇದನ್ನು ದೊಡ್ಡವ್ವನಿಗೆ ಹೇಳುವುದೆಂದರೆ ಇಡೀ ಅಸೂಟಿಗೆ ಹೇಳಿದಂತೆ. ನಾನು ದಾರಿ ಹುಡುಕತೊಡಗಿದೆ. ಶಾಲೆಯ ಚೀಲದಿಂದ ಸೀಮೆಸುಣ್ಣ ತಂದು ಬಾನೆಟ್ಟಿನ ಮೇಲೆ ಮೂರು ಗೆರೆ ಎಳೆಯಲು ನೋಡಿದೆ. ಮೂವತ್ತು ವರ್ಷ ಎಂಥೆಂಥ ಬೋರ್ಡಿನ ಮೇಲೆ ಬರೆದಿದ್ದೇನೆ, ಆದರೆ ಆ ಬಾನೆಟ್ಟಿನ ಮೇಲೆ ಅದು ಕೀಚ್ ಎಂದು ಜಾರಿತೇ ಹೊರತು ಒಂದು ಗೆರೆ ಮೂಡಲಿಲ್ಲ. "ಸಾಲಿ ಸುಣ್ಣದ ಕಡ್ಡಿಲೆ ದೇವರಿಗೆ ಗಣಿತಾ ಕಲಸ್ತೀಯೇನು?" ಎಂದಳು ಅವ್ವ. ಗಾಜಿಗೆ ಹಚ್ಚೋಣವೆಂದರೆ ದಾದಾಪೀರನ ಡಬ್ಬಿಯಲ್ಲಿ ಉಳಿದ ಮೇಣವನ್ನು ನಾನೇ ಗಾಜಿಗೂ ತಿಕ್ಕಿದ್ದೆ. ಗಾಲಿಗೆ ಹಚ್ಚು ಎಂದೆ. "ತುಳಿಯೂ ಜಾಗಾಕ್ಕ ಇಬತ್ತಿ ಹಚ್ಚತಾರೇನು?" ನಂಬರ್ ಪ್ಲೇಟಿಗೆ ಹಚ್ಚು ಎಂದೆ. "ಯಾಕ, ಅದನ್ನ ಪರೀಕ್ಷಾಕ್ಕ ಕೂಡಸ್ತೀಯೇನು?" ಶೆಟ್ಟರು ನಗು ತಡೆಯಲಾರದೆ ತಮ್ಮ ಮನೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ಹೋಳಿಗೆಯ ಹೊತ್ತು ಹತ್ತಿರವಾಗುತ್ತಿತ್ತು. ಅವ್ವ ಕಟ್ಟೆಯ ಮೇಲೆ ಹೋಗಿ ಕೂತು, ಹೊಸ ಸೀರೆಯ ನೆರಿಗೆ ಸರಿ ಮಾಡಿಕೊಂಡು, ರಸ್ತೆ ನೋಡತೊಡಗಿದಳು. ಆ ನೋಟ ನನ್ನಿಂದ ನೋಡಲಾಗಲಿಲ್ಲ. ಎರಡು ತಿಂಗಳಿಂದ ಆಕೆ ಹಾಗೆಯೇ ಕೂತಿದ್ದಳೆಂದೂ, ನಾನು ಆಕೆಗೆ ಬೆನ್ನು ಹಾಕಿ ಒರೆಸುತ್ತಿದ್ದೆನೆಂದೂ ಅಂದು ಮೊದಲ ಸಲ ಹೊಳೆಯಿತು.

ದಾದಾಪೀರನಿಗೆ ಫೋನ್ ಮಾಡಿದೆ. "ಮೇಣಾ ತಗೀಬೇಕು, ಲಗೂ ಹೇಳಪಾ," ಎಂದೆ. ಆ ಕಡೆಯಿಂದ ಅವನು, "ಇಬತ್ತಿ ನಿಲ್ಲಲಿಲ್ಲೇನ್ರಿ?" ಎಂದ. "ನಾ ಆವತ್ತ ಹೇಳಿದ್ದೆ, ಅಮಾಸಿ ಆಗ್ಲಿ ಅಂತ. ಇರ್ಲಿ, ಭಾಂಡೆ ತಿಕ್ಕೂ ಸೋಪು ಹಚ್ಚಿ ತಿಕ್ಕಿಬಿಡ್ರಿ. ಹೊಳಪೂ ಹೋಗತೈತಿ, ಮೇಣಾನೂ ಹೋಗತೈತಿ." ಶಿವಲೀಲಾ ನಾನು ಕೇಳುವ ಮೊದಲೇ ಸೋಪು, ನಿಂಬೆಹಣ್ಣು, ಒಂದು ಕೊಡ ಸಿಹಿ ನೀರು ತಂದಿಟ್ಟಳು. ಯಾವ ನೀರನ್ನು ಕದ್ದು ಆ ಹೊಳಪು ತಂದಿದ್ದೆನೋ ಅದೇ ನೀರಿನಿಂದ, ಓಣಿಯ ಎದುರಿಗೆ, ಪಂಚೆ ಎತ್ತಿಕಟ್ಟಿ ಬಾನೆಟ್ಟು ತಿಕ್ಕಿದೆ. ತಿಕ್ಕುತ್ತಿದ್ದರೆ ಬಾನೆಟ್ಟಿನಲ್ಲಿ ಕಾಣುತ್ತಿದ್ದ ನನ್ನ ತೆಳ್ಳಗಿನ ಮುಖ ಮೆಲ್ಲಗೆ ಮಂಕಾಗಿ ಮಾಯವಾಯಿತು. ಮನೆಯಲ್ಲಿ ಪಾತ್ರೆ ತಿಕ್ಕಿ ಅಭ್ಯಾಸವಿದ್ದರೆ ಬೇಗ ಮುಗಿಯುತ್ತಿತ್ತು ಎಂದು ಶಿವಲೀಲಾ ಒಂದು ಮಾತು ಸೇರಿಸಿದಳು. ಅವ್ವ ಬಂದು ವಿಭೂತಿ ಎಳೆದಳು. ಮೂರು ಗೆರೆ, ದಪ್ಪಗೆ, ಬೆಳ್ಳಗೆ ನಿಂತವು. ಕಾಯಿ ಒಡೆಯಿತು.

ಅಸೂಟಿಯ ಹಾದಿಯಲ್ಲಿ ನಾನು ಹೆದರಿದ್ದೆಲ್ಲ ಬಂತು. ಟ್ರ್ಯಾಕ್ಟರ್ ಬಂದವು, ಧೂಳು ಬಂತು, ರಸ್ತೆಯ ಮೇಲೆ ಒಣಗಲು ಹಾಕಿದ್ದ ಕಡಲೆ ಗಿಡಗಳ ಮೇಲೆ ಹಾದಾಗ ಕೆಳಗಿನಿಂದ ಚಟಪಟ ಸದ್ದು ಬಂತು. ಮುಂದಿನ ಸೀಟಿನಲ್ಲಿ ಅವ್ವ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಯಾವ ಹೊಲ ಯಾರದು, ಯಾರು ಯಾವಾಗ ಸತ್ತರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎಂದು ಹೇಳುತ್ತಾ ಬಂದಳು. ಅಷ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ದೊಡ್ಡವ್ವನ ಮನೆಯ ಮುಂದೆ ನಿಂತಾಗ ಕಾರಿನ ಬಣ್ಣ ಕೇಳಬೇಡಿ. ದೊಡ್ಡವ್ವ ಬಾಗಿಲಲ್ಲೇ ಮಂಚ ಹಾಕಿಸಿಕೊಂಡು ಕೂತಿದ್ದಳು. ಅವಳು ಕಾರಿನ ಕಡೆ ನೋಡಲೂ ಇಲ್ಲ. ಇಬ್ಬರೂ ಮುದುಕಿಯರು ಒಬ್ಬರ ಮುಖ ಒಬ್ಬರು ತಡವಿಕೊಂಡು, ಸೊರಗಿದ್ದೀಯೆಂದು ಒಬ್ಬರನ್ನೊಬ್ಬರು ಬೈದುಕೊಂಡು, ಅತ್ತು, ಅತ್ತದ್ದಕ್ಕೆ ನಕ್ಕರು. ನನಗೂ ಕಣ್ಣು ಒದ್ದೆಯಾದವು. ಧೂಳಿನಿಂದ ಎಂದು ಶಿವಲೀಲಾಳಿಗೆ ಹೇಳಿದೆ.

ಹೋಳಿಗೆ ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ನಿದ್ದೆ ಹತ್ತಿದೆಯೆಂದು ತಿಳಿದು ಅಕ್ಕ ತಂಗಿ ಒಳಗೆ ಮಾತಾಡುತ್ತಿದ್ದರು. ಇಬ್ಬರಿಗೂ ಕಿವಿ ಸ್ವಲ್ಪ ಮಂದ, ಹೀಗಾಗಿ ಅವರ ಗುಟ್ಟು ಮೂರನೆಯ ಮನೆಗೂ ಕೇಳುತ್ತದೆ.

"ಇಷ್ಟ ದಿನ ಕರಕೊಂಡು ಬರಲಿಲ್ಲ, ಇವತ್ತ ಹ್ಯಾಂಗ ಮನಸ ಮಾಡಿದಾ?" ಎಂದಳು ದೊಡ್ಡವ್ವ.

"ಎಲ್ಲಿ ಮಾಡಿದ್ದ? ಇವತ್ತೂ ಮುಂಜಾನೆ ಎದ್ದು ಆಕಾಶಾ ನೋಡಾಕ ಹತ್ತಿದ್ದ, ಮತ್ತೇನರ ನೆಪಾ ಸಿಗತೈತೇನು ಅಂತ. ಆ ಮೇಣಾ ಇರೂತನಕ ಬರ್ತಿದ್ದಿಲ್ಲಕ್ಕಾ. ಅದರ ಮ್ಯಾಲೆ ನೀರ ಸೈತ ನಿಲ್ಲಂಗಿಲ್ಲ ಅಂತ ಅಂವನ ನನಗ ತೋರಿಸಿದ್ದ. ನೀರ ನಿಲ್ಲಲಾರದ ಮ್ಯಾಲೆ ಇಬತ್ತಿ ಹ್ಯಾಂಗ ನಿಂತೀತು? ಅದಕ್ಕ ಇಬತ್ತಿಗೆ ಒಂದೀಟ ನೀರ ಹೆಚ್ಚಿಗಿ ಹಾಕಿಕೊಂಡು ಹೋಗಿದ್ದೆ."

"ಯವ್ವಾ! ದೇವರ ಮ್ಯಾಲೆ ಹಾಕಿದಿ?"

"ದೇವರಿಗೆ ಗೊತ್ತೈತಿ ತಗೊ, ನನಗ ಮೊಣಕಾಲ ನೋವು ಅಂತ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಮೂವತ್ತು ವರ್ಷ ಹುಡುಗರ ನೆಪಗಳನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಕಟ್ಟೆಯ ಮೇಲೆ ಕೂತ ಮುದುಕಿ ನನ್ನ ಒಂದೊಂದು ನೆಪವನ್ನೂ ಎಣಿಸಿಟ್ಟುಕೊಂಡು, ನಾನೇ ಕಲಿಸಿದ ಪಾಠದಿಂದ ನನ್ನನ್ನೇ ನಿಲ್ಲಿಸಿದ್ದಳು. ಮಗ್ಗುಲಾಗಿ ಮಲಗಿ ಗೊರಕೆ ಹೊಡೆದಂತೆ ಮಾಡಿದೆ. ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಶಿವಲೀಲಾ, "ಗೊರಕಿ ಹಿಂಗ ಹೊಡೆಯಂಗಿಲ್ರಿ ನೀವು," ಎಂದಳು.

ಇಷ್ಟಾದ ಮೇಲೆ ನಾನು ಬದಲಾಗಿರಬೇಕು ಎಂದು ನೀವು ಅಂದುಕೊಂಡಿರುತ್ತೀರಿ. ನಾನೂ ಅಂದುಕೊಂಡಿದ್ದೆ. ನಾಲ್ಕು ದಿನ ಕಾರಿನ ಕಡೆ ನೋಡಲಿಲ್ಲ. ಐದನೆಯ ದಿನ ದಾದಾಪೀರನ ಶೆಡ್ಡಿನ ಮುಂದೆ ನಿಂತಿದ್ದೆ. "ಈ ಸಲ ಬಾನೆಟ್ಟಿನ ಮ್ಯಾಲೆ ಒಂದು ಅಂಗೈ ಅಗಲ ಜಾಗಾ ಬಿಟ್ಟು, ಉಳಿದಿದ್ದಕ್ಕೆಲ್ಲಾ ಮೇಣಾ ಹಚ್ಚು," ಎಂದೆ. ಅವನು ಕಾಗದದ ಪಟ್ಟಿ ಅಂಟಿಸಿ, ನಡುವೆ ಚೌಕ ಬಿಟ್ಟು ಮೇಣ ಹಚ್ಚಿದ. "ಇಂಥಾ ಕೆಲಸಾ ನಮ್ಮಪ್ಪನೂ ಮಾಡಿರಲಿಕ್ಕಿಲ್ರಿ," ಎಂದ. ಮುಂದಿನ ಅಮಾವಾಸ್ಯೆಗೆ ಅವ್ವ ಬಟ್ಟಲು ಹಿಡಿದು ಬಂದಾಗ ನಾನು ಆ ಚೌಕದ ಮೇಲೆ ಬೆರಳಿಟ್ಟು ತೋರಿಸಿದೆ. ಅವ್ವ ಸುತ್ತಲಿನ ಹೊಳಪನ್ನೂ ನಡುವಿನ ಮಂಕು ಚೌಕವನ್ನೂ ಬಹಳ ಹೊತ್ತು ನೋಡಿದಳು.

"ಇಡೀ ಗಾಡ್ಯಾಗ ನನಗಂತ ಇಷ್ಟಾದ್ರೂ ಜಾಗಾ ಬಿಟ್ಟಿಯಲ್ಲಪಾ," ಎಂದಳು.

ಎಳೆದ ವಿಭೂತಿ ಅಚ್ಚುಕಟ್ಟಾಗಿ ನಿಂತಿತು. ಇಂದು ಎಲ್ಲಿಗೆ ಎಂದು ಕೇಳಿದೆ. ಲಕ್ಕಲಕಟ್ಟಿಗೆ ಎಂದಳು, ಅಲ್ಲಿ ಆಕೆಯ ಸೋದರ ಸೊಸೆಗೆ ಕೂಸು ಹುಟ್ಟಿತ್ತು. ವಿಭೂತಿ ಹತ್ತಿದ್ದ ಕೈಯಿಂದಲೇ ಬಾಗಿಲ ಹಿಡಿಕೆ ಹಿಡಿದು, ಬಾಗಿಲಿಗೆ ಇನ್ನೊಂದು ಅಂಗೈ ಒತ್ತಿ, ನಿಧಾನವಾಗಿ ಒಳಗೆ ಕೂತಳು. ಹೊಳೆಯುವ ಕರಿ ಬಣ್ಣದ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು. ನಾನು ಏನೂ ಯೋಚಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಅವ್ವನ ಹಳೆಯ ಸೀರೆಯ ತುಂಡು ತೆಗೆಯಿತು, ಗುಂಡಗೆ ಗುಂಡಗೆ ಒರೆಸತೊಡಗಿತು. ಒರೆಸುತ್ತಾ ತಲೆ ಎತ್ತಿದರೆ ಗಾಜಿನ ಆ ಕಡೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಗಾಜು ಇಳಿಸಿದಳು.

"ಒರಸು, ಒರಸು," ಎಂದಳು. "ಆದರ ಒರಸಿಕೋತ ಗಾಡಿ ಹೊಡ್ಯಾಕ ಬರಂಗಿಲ್ಲ. ಹತ್ತು."